ಮದರಾಸಿಗೆ ಹೊರಟಿರಾ? ಗೇಟು ಕಾಯಬೇಡಿ!

ಸ್ಟಾರ್ ಮನೆ ಗೇಟಿನ ಮುಂದೆ ದಿನವಿಡೀ ನಿಂತು, ಕಾರಿನ ಕಪ್ಪು ಗಾಜು ನೋಡಿ ಬರೋದಕ್ಕೆ ಚೆನ್ನೈಗೆ ಹೋಗಬೇಡಿ ಗೆಳೆಯರೇ! ಸಿಗೋದೇ ಮೂರು ದಿನದ ರಜೆ. ಜೇಬಿನಲ್ಲಿರೋದು ಬೆವರಿನ ಕಾಸು. ಅದಕ್ಕೆ ನನ್ನ ಲೆಕ್ಕ ಕೇಳಿ.

ಉಳಿಯೋಕೆ ಟ್ರಿಪ್ಲಿಕೇನಿನ ಮ್ಯಾನ್ಷನ್‌ಗಳು. ಒಂಟಿ ಹುಡುಗರ ಹಳೇ ಬಿಡಾರ ಅವು.

ಮೊದಲ ದಿನ ವಡಪಳನಿ. ಸೆಂಟ್ರಲ್‌ನಿಂದ ಮೆಟ್ರೋ ಇದೆ. ಮುರುಗನಿಗೆ ಕೈಮುಗಿದು ಆರ್ಕಾಟ್ ರಸ್ತೆಯ ಎವಿಎಂ ಕಡೆ ನಡೆಯಿರಿ. ಅಲ್ಲಿ 2023ರಲ್ಲಿ ಮ್ಯೂಸಿಯಂ ಆಗಿದೆ. ಹಳೇ ಕಾರು, ಕ್ಯಾಮರಾ ನೋಡಬಹುದು. ತೆರೆದಿದೆಯಾ ಅಂತ ವಿಚಾರಿಸಿಯೇ ಹೋಗಿ. ನಮ್ಮ ಕನ್ನಡ ಚಿತ್ರಗಳು ಬಹುಕಾಲ ತಯಾರಾದದ್ದು ಈ ಊರಿನ ಸ್ಟುಡಿಯೋಗಳಲ್ಲೇ. ಅಣ್ಣಾವ್ರು ವರ್ಷಗಟ್ಟಲೆ ಸಂಸಾರ ಹೂಡಿದ್ದ ಊರಿದು. ಅಪ್ಪು ಹುಟ್ಟಿದ್ದೂ ಇಲ್ಲೇ, 1975ರಲ್ಲಿ! ಆದರೆ ವಾಹಿನಿ ಸ್ಟುಡಿಯೋ ಇದ್ದ ಜಾಗದಲ್ಲಿ ಇವತ್ತು ಆಸ್ಪತ್ರೆ, ಮಾಲ್. ನನಗಂತೂ ಹೊಟ್ಟೆ ಚುರುಕ್ ಅಂತು. ಉಳಿದಿರೋದನ್ನು ಇರುವಾಗಲೇ ನೋಡಿಬಿಡಿ ಸ್ವಾಮಿ!

ಎರಡನೇ ದಿನ ಬೆಳಿಗ್ಗೆ ಟ್ರಿಪ್ಲಿಕೇನಿನ ರತ್ನಾ ಕೆಫೆ. ಸಾಂಬಾರಿನಲ್ಲಿ ಈಜಾಡುವ ಇಡ್ಲಿ! ನಂತರ ಪಾರ್ಥಸಾರಥಿ ಗುಡಿ. ಸಂಜೆ ಮರೀನಾದಲ್ಲಿ ಎಂಜಿಆರ್ ಸಮಾಧಿ, ಕೈಯಲ್ಲಿ ಬಿಸಿ ಸುಂಡಲ್. ನೀರಿಗೆ ಮಾತ್ರ ಇಳಿಯಬೇಡಿ, ಸೆಳೆತ ಪೊಗದಸ್ತಾಗಿದೆ.

ಮೂರನೇ ದಿನ ಮೈಲಾಪುರದ ಕಪಾಲೀಶ್ವರ, ಫಿಲ್ಟರ್ ಕಾಫಿ. ಮಧ್ಯಾಹ್ನ ಅಣ್ಣಾ ಸಾಲೈನಲ್ಲಿ 1970ರಿಂದ ಇರೋ ದೇವಿ ಥಿಯೇಟರಿನಲ್ಲಿ ಒಂದು ತಮಿಳು ಚಿತ್ರ. ಮಾತು ಅರ್ಥವಾಗದಿದ್ರೆ ಬಿಡಿ, ಪಕ್ಕದವನು ಹೊಡೆಯೋ ಶಿಳ್ಳೆ ಅರ್ಥವಾಗುತ್ತೆ. ರಾತ್ರಿ ರೈಲಿಗೆ ಟಿಕೆಟ್ ಮೊದಲೇ ಮಾಡಿಸಿರಿ. ಮರುದಿನ ಕೆಲಸಕ್ಕೆ ಹಾಜರಾಗಬೇಕಲ್ಲ!