ಲಾಸಾದಲ್ಲಿ ದಂಗೆ, ಒಡೆಯರಪಾಳ್ಯದಲ್ಲಿ ನೆಲೆ: ನಿರಾಶ್ರಿತರ ಬಾಗಿಲು ತೆರೆಯುವವರು ಯಾರು?

ಮಂಡ್ಯ: ಬೆಂಗಳೂರಿನಿಂದ ಬರುವ ಹಳೆಯ ಮೈಸೂರು ಹೆದ್ದಾರಿಗೆ ಮದ್ದೂರಿನಲ್ಲಿ ಒಂದು ಕವಲು ಇದೆ. ನೇರವಾಗಿ ಸಾಗಿದರೆ ಮಂಡ್ಯ, ಶ್ರೀರಂಗಪಟ್ಟಣ, ಮೈಸೂರು, ಹುಣಸೂರು ದಾಟಿ ಬೈಲಕುಪ್ಪೆ ಸಿಗುತ್ತದೆ. ಎಡಕ್ಕೆ ಹೊರಳಿದರೆ ಮಳವಳ್ಳಿ, ಕೊಳ್ಳೇಗಾಲದ ಮೂಲಕ ಹನೂರು ತಾಲ್ಲೂಕಿನ ಒಡೆಯರಪಾಳ್ಯ ತಲುಪಬಹುದು. ಎರಡೂ ದಾರಿಗಳ ತುದಿಯಲ್ಲಿ ಇರುವುದು ಟಿಬೆಟನ್ ನಿರಾಶ್ರಿತರ ನೆಲೆ. ಜನರ ಬಾಯಲ್ಲಿ ಅದು 'ಟಿಬೆಟ್ ಕ್ಯಾಂಪ್'.

ಕ್ಯಾಂಪ್ ಎಂಬ ಮಾತಿನಲ್ಲಿ ತಾತ್ಕಾಲಿಕತೆಯ ಧ್ವನಿಯಿದೆ. ಆದರೆ ಈ ನೆಲೆಗಳಿಗೆ ಅರ್ಧ ಶತಮಾನಕ್ಕೂ ಮೀರಿದ ವಯಸ್ಸಾಗಿದೆ. ಅಲ್ಲಿ ಹುಟ್ಟಿದವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಅವರಲ್ಲಿ ಅನೇಕರು ಕನ್ನಡ ಬಲ್ಲರು, ಟಿಬೆಟ್ ಕಂಡಿಲ್ಲ. ಹೀಗಿದ್ದರೂ ಅವರ ಪೈಕಿ ಹಲವರು ಕಾನೂನಿನ ಕಣ್ಣಿಗೆ ಇಂದಿಗೂ 'ವಿದೇಶಿಯರು'.

ನಿರಾಶ್ರಿತರೊಬ್ಬರಿಗೆ ನೆಲೆ ಸಿಗುವುದು ಅವರ ಕಷ್ಟದ ಪ್ರಮಾಣವನ್ನು ನೋಡಿ ಎಂಬುದು ಸಾಮಾನ್ಯ ತಿಳಿವಳಿಕೆ. ಮಂಡ್ಯ ಜಿಲ್ಲೆಯ ಆಸುಪಾಸಿನ ಇತಿಹಾಸವನ್ನು ಗಮನಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಯಾವ ದೇಶದಿಂದ, ಯಾವ ವರ್ಷ ಬಂದರು, ಆ ಹೊತ್ತಿಗೆ ಜಗತ್ತಿನಲ್ಲಿ ಏನು ನಡೆದಿತ್ತು ಎಂಬುದೇ ಅವರ ಭವಿಷ್ಯವನ್ನು ನಿರ್ಧರಿಸಿದೆ.

ಲಾಸಾದಿಂದ ಕಾವೇರಿ ಸೀಮೆಗೆ

1959ರ ಮಾರ್ಚ್ 10ರಂದು ಟಿಬೆಟ್‌ನ ರಾಜಧಾನಿ ಲಾಸಾದಲ್ಲಿ ಚೀನಾದ ಆಡಳಿತದ ವಿರುದ್ಧ ಜನ ದಂಗೆಯೆದ್ದರು. ಒಂದು ವಾರದ ನಂತರ 14ನೇ ದಲೈ ಲಾಮಾ ರಾತ್ರಿ ಹೊತ್ತಿನಲ್ಲಿ ಅರಮನೆ ತೊರೆದರು. ಮಾರ್ಚ್ 31ರಂದು ಭಾರತದ ಗಡಿ ದಾಟಿದರು. ಅವರ ಹಿಂದೆಯೇ ಸುಮಾರು 80 ಸಾವಿರ ಟಿಬೆಟನ್ನರು ಹಿಮಾಲಯ ದಾಟಿ ಬಂದರು. ಅಸ್ಸಾಂನ ಮಿಸಾಮಾರಿ, ಪಶ್ಚಿಮ ಬಂಗಾಳದ ಬಕ್ಸಾದಂಥ ಶಿಬಿರಗಳಲ್ಲಿ ಅವರಿಗೆ ಮೊದಲ ಆಶ್ರಯ ದೊರೆಯಿತು. ಬಯಲಿನ ಸೆಕೆ ಮತ್ತು ರೋಗಗಳಿಗೆ ಅನೇಕರು ಬಲಿಯಾದರು. ಉಳಿದವರಲ್ಲಿ ಬಹಳಷ್ಟು ಮಂದಿ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೂಲಿಗಳಾದರು.

ಇವರಿಗೆ ಜಮೀನು ಒದಗಿಸುವಂತೆ ಪ್ರಧಾನಿ ಜವಾಹರಲಾಲ್ ನೆಹರೂ ರಾಜ್ಯಗಳನ್ನು ಕೇಳಿಕೊಂಡಾಗ ಅಂದಿನ ಮೈಸೂರು ರಾಜ್ಯ ಉದಾರವಾಗಿ ಮುಂದೆ ಬಂತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3 ಸಾವಿರ ಎಕರೆ ಪ್ರದೇಶದಲ್ಲಿ 1960ರ ದಶಕದ ಆರಂಭದಲ್ಲಿ ಮೊದಲ ನೆಲೆ ತಲೆಯೆತ್ತಿತು. ಈ ನೆರವಿಗಾಗಿ ಎಸ್. ನಿಜಲಿಂಗಪ್ಪ ಅವರನ್ನು ದಲೈ ಲಾಮಾ ಹಲವು ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ನಂತರ ಉತ್ತರ ಕನ್ನಡದ ಮುಂಡಗೋಡ, ಬೈಲಕುಪ್ಪೆಯಲ್ಲೇ ಎರಡನೆಯ ನೆಲೆ, ಹುಣಸೂರಿನ ಗುರುಪುರ ಹಾಗೂ 1970ರ ದಶಕದ ಮಧ್ಯದಲ್ಲಿ ಒಡೆಯರಪಾಳ್ಯ ಸೇರಿದವು. ಒಡೆಯರಪಾಳ್ಯದ 'ಧೊಂಡೆನ್‌ಲಿಂಗ್' ನೆಲೆಯಲ್ಲಿ 22 ಪುಟ್ಟ ಹಳ್ಳಿಗಳಿವೆ. ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳೇ ಅವುಗಳ ಗುರುತು. ಕಾಡು ಕಡಿದು, ಆನೆ–ಹಂದಿಗಳನ್ನು ಕಾದು, ಮುಸುಕಿನ ಜೋಳ ಬೆಳೆದು ಈ ಜನ ಬದುಕು ಕಟ್ಟಿಕೊಂಡರು.

ಮಾನವೀಯತೆಯೊಂದೇ ಈ ಔದಾರ್ಯಕ್ಕೆ ಕಾರಣವಾಗಿರಲಿಲ್ಲ. ಅದು ಶೀತಲ ಸಮರದ ಕಾಲ. 1962ರ ಚೀನಾ ಯುದ್ಧದ ಬಳಿಕ ಟಿಬೆಟನ್ನರ ಬಗ್ಗೆ ದೆಹಲಿಯ ನಿಲುವು ಇನ್ನಷ್ಟು ಗಟ್ಟಿಯಾಯಿತು. ಪಶ್ಚಿಮದ ದೇಶಗಳೂ ಬಾಗಿಲು ತೆರೆದವು. 1963ರಲ್ಲಿ ಸ್ವಿಟ್ಜರ್‌ಲೆಂಡ್ ಒಂದು ಸಾವಿರ ಟಿಬೆಟನ್ನರಿಗೆ ನೆಲೆ ನೀಡಲು ಒಪ್ಪಿತು. 1970ರ ದಶಕದ ಆರಂಭದಲ್ಲಿ ಕೆನಡಾ ಇನ್ನೂರಕ್ಕೂ ಹೆಚ್ಚು ಜನರನ್ನು ಕರೆಸಿಕೊಂಡಿತು. ಅಮೆರಿಕದ 1990ರ ವಲಸೆ ಕಾಯ್ದೆಯು ಭಾರತ ಮತ್ತು ನೇಪಾಳದಲ್ಲಿದ್ದ ಒಂದು ಸಾವಿರ ಟಿಬೆಟನ್ನರಿಗೆ ವೀಸಾ ಮೀಸಲಿಟ್ಟಿತು.

ಮುತ್ತತ್ತಿಯಲ್ಲಿ ಕಂಡ ಇನ್ನೊಂದು ಮುಖ

ತೆರೆದ ಬಾಗಿಲು ಹೇಗೆ ಮುಚ್ಚುತ್ತದೆ ಎಂಬುದಕ್ಕೂ ಈ ಜಿಲ್ಲೆ ಸಾಕ್ಷಿಯಾಗಿದೆ.

ಶ್ರೀಲಂಕಾದಲ್ಲಿ 1983ರ ಜುಲೈನಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದ ನಂತರ ಸಹಸ್ರಾರು ಜನ ದೋಣಿಗಳಲ್ಲಿ ತಮಿಳುನಾಡಿಗೆ ಬಂದಿಳಿದರು. ಅವರನ್ನು ಅಲ್ಲಿ ಸಹಾನುಭೂತಿಯಿಂದಲೇ ಬರಮಾಡಿಕೊಳ್ಳಲಾಯಿತು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಮಾಜಿ ಪ್ರಧಾನಿ ರಾಜೀವ್ ಗಾಂಧಿ ಅವರ ಹತ್ಯೆಯಾದ ಮೇಲೆ ಎಲ್ಲವೂ ಬದಲಾಯಿತು.

ತಮಿಳುನಾಡಿನಲ್ಲಿ ಶೋಧ ಬಿಗಿಯಾದಂತೆ ಎಲ್‌ಟಿಟಿಇ ಸದಸ್ಯರು ಕರ್ನಾಟಕಕ್ಕೆ ನುಸುಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಸೇರಿದಂತೆ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಅಡಗಿದ್ದವರನ್ನು ಪೊಲೀಸರು ಸುತ್ತುವರಿದರು. ಅವರು ಸಯನೈಡ್ ನುಂಗಿದರು, ಹಲವರು ಸತ್ತರು. ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಪ್ರಮುಖ ಆರೋಪಿ ಶಿವರಾಸನ್ ಹಾಗೂ ಸಂಗಡಿಗರ ಶವಗಳು ದೊರೆತವು. ಪ್ರವಾಸಿ ತಾಣವಾಗಿ, ಆಂಜನೇಯನ ಕ್ಷೇತ್ರವಾಗಿ ಹೆಸರಾಗಿದ್ದ ಮುತ್ತತ್ತಿ ಕೆಲ ದಿನ ರಾಷ್ಟ್ರಮಟ್ಟದ ಸುದ್ದಿಯಾಯಿತು.

ಹತ್ಯೆಯ ಸಂಚಿನಲ್ಲಿದ್ದವರು ಬೆರಳೆಣಿಕೆಯಷ್ಟು ಮಂದಿ. ಬೆಲೆ ತೆತ್ತವರು ಶಿಬಿರಗಳಲ್ಲಿದ್ದ ಸಾಮಾನ್ಯ ಕುಟುಂಬಗಳು. ಅವರ ಮೇಲಿನ ಕಣ್ಗಾವಲು ಬಿಗಿಯಾಯಿತು. 1992ರಲ್ಲಿ ಭಾರತ ಎಲ್‌ಟಿಟಿಇಯನ್ನು ನಿಷೇಧಿಸಿತು. ಅದೇ ವರ್ಷ ಆರಂಭವಾದ ವಾಪಸಾತಿ ಕಾರ್ಯಕ್ರಮದಡಿ ಕೆಲವೇ ವರ್ಷಗಳಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ಶ್ರೀಲಂಕಾಕ್ಕೆ ಕಳುಹಿಸಲಾಯಿತು. ಆಗಿನ್ನೂ ಅಲ್ಲಿ ಯುದ್ಧ ನಿಂತಿರಲಿಲ್ಲ. ಅದು ಮುಗಿದದ್ದು 2009ರ ಮೇ ತಿಂಗಳಲ್ಲಿ. ಯುದ್ಧ ಮುಗಿದು ವರ್ಷಗಳು ಉರುಳಿದರೂ ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಹತ್ತಿರ ಹತ್ತಿರ 58 ಸಾವಿರ ಜನ ಉಳಿದಿದ್ದರು.

ಇದೇ ದ್ವೀಪದಿಂದ ಬಂದ ಮತ್ತೊಂದು ಗುಂಪಿನ ಸ್ಥಿತಿಯೊಂದಿಗೆ ಇದನ್ನು ಹೋಲಿಸಿ ನೋಡಬಹುದು. 1964ರ ಅಕ್ಟೋಬರ್‌ನಲ್ಲಿ ಪ್ರಧಾನಿಗಳಾದ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಂತೆ ಸಿಲೋನಿನ ಚಹಾ ತೋಟಗಳಲ್ಲಿದ್ದ ಭಾರತೀಯ ಮೂಲದ ತಮಿಳರ ಪೈಕಿ 5.25 ಲಕ್ಷ ಜನರಿಗೆ ಪೌರತ್ವ ನೀಡಲು ಭಾರತ ಒಪ್ಪಿತು. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ತಾಲ್ಲೂಕುಗಳಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. ಭಾಷೆ ಒಂದೇ, ದ್ವೀಪ ಒಂದೇ. ಒಪ್ಪಂದದ ಕಾಗದ ಹಿಡಿದು ಬಂದವರು ಪ್ರಜೆಗಳಾದರು, ದೋಣಿಯಲ್ಲಿ ಬಂದವರು ನಿರಾಶ್ರಿತರಾಗಿಯೇ ಉಳಿದರು.

ಕಾನೂನಿಲ್ಲ, ಆದೇಶಗಳಿವೆ

ಇಂಥ ವ್ಯತ್ಯಾಸಕ್ಕೆ ಮೂಲ ಕಾರಣ, ಭಾರತದಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲದಿರುವುದು. ನಿರಾಶ್ರಿತರ ಕುರಿತ ವಿಶ್ವಸಂಸ್ಥೆಯ 1951ರ ಒಡಂಬಡಿಕೆಗಾಗಲೀ ಅದರ 1967ರ ಪೂರಕ ಒಪ್ಪಂದಕ್ಕಾಗಲೀ ಭಾರತ ಸಹಿ ಹಾಕಿಲ್ಲ. ಟಿಬೆಟನ್ನರು ಮತ್ತು ಶ್ರೀಲಂಕಾ ತಮಿಳರ ವಿಷಯವನ್ನು ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್ ಮುಂತಾದ ದೇಶಗಳವರ ಅರ್ಜಿಗಳನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಪರಿಶೀಲಿಸುತ್ತದೆ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಪ್ರಜೆಗಳಲ್ಲದವರಿಗೂ ಅನ್ವಯಿಸುತ್ತದೆ ಎಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಅದನ್ನು ಬಿಟ್ಟರೆ ಉಳಿದೆಲ್ಲವೂ ಸರ್ಕಾರಿ ಆದೇಶಗಳನ್ನೇ ಅವಲಂಬಿಸಿದೆ.

2019ರ ಪೌರತ್ವ ತಿದ್ದುಪಡಿ ಕಾಯ್ದೆಯು ಪಾಕಿಸ್ತಾನ, ಬಾಂಗ್ಲಾದೇಶ ಮತ್ತು ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರಿಗೆ ಸೀಮಿತವಾಗಿದೆ. ಟಿಬೆಟನ್ನರು ಮತ್ತು ಶ್ರೀಲಂಕಾ ತಮಿಳರು ಅದರ ವ್ಯಾಪ್ತಿಗೆ ಬರುವುದಿಲ್ಲ. 1946ರ ವಿದೇಶಿಯರ ಕಾಯ್ದೆಯ ಸ್ಥಾನದಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಅದರಡಿ ಹೊರಡಿಸಿದ ಆದೇಶವು ಟಿಬೆಟನ್ನರಿಗೆ ಕೆಲವು ವಿನಾಯಿತಿಗಳನ್ನು ನೀಡಿದೆ. 2015ರ ಜನವರಿ 9ರವರೆಗೆ ಆಶ್ರಯ ಪಡೆದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೂ ಪಾಸ್‌ಪೋರ್ಟ್–ವೀಸಾ ಇಲ್ಲದ ಕಾರಣಕ್ಕೆ ಶಿಕ್ಷೆಯಾಗುವ ಭೀತಿ ತಪ್ಪಿದೆ. ಆದರೆ ಇದು ಶಿಕ್ಷೆಯಿಂದ ವಿನಾಯಿತಿ ಮಾತ್ರ, ಪೌರತ್ವ ಇದರಿಂದ ದೊರೆಯುವುದಿಲ್ಲ.

ಒಂದೇ ಮನೆ, ಎರಡು ಹಣೆಬರಹ

ದಿನಾಂಕವೊಂದು ಬದುಕನ್ನು ಹೇಗೆ ಸೀಳಬಲ್ಲದು ಎಂಬುದಕ್ಕೆ ಟಿಬೆಟನ್ ಮನೆಗಳೇ ಉದಾಹರಣೆ. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿಯೂ, ಕರ್ನಾಟಕ ಹೈಕೋರ್ಟ್ 2013ರಲ್ಲಿಯೂ ತೀರ್ಪು ನೀಡಿದವು.

ಟಿಬೆಟ್‌ನಲ್ಲಿ ಹುಟ್ಟಿದ ತಂದೆ–ತಾಯಿಗೆ ಒಡೆಯರಪಾಳ್ಯದಲ್ಲಿ ಇಬ್ಬರು ಮಕ್ಕಳು ಜನಿಸಿದರೆಂದು ಭಾವಿಸೋಣ. 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು. 1988ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಅಕ್ಕ ಮತ ಹಾಕಬಹುದು, ಸರ್ಕಾರಿ ಹುದ್ದೆಗೆ ಅರ್ಜಿ ಸಲ್ಲಿಸಬಹುದು. ತಮ್ಮ ನೋಂದಣಿ ಪ್ರಮಾಣಪತ್ರವನ್ನು ಅವಧಿಗೊಮ್ಮೆ ನವೀಕರಿಸಿಕೊಳ್ಳುತ್ತಿರಬೇಕು. ಹೊರದೇಶಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಗುರುತು ಪುಸ್ತಕವೇ ಅವನಿಗೆ ಗತಿ.

ಪ್ರಜೆಯಾಗುವ ಆಯ್ಕೆಯೂ ಸುಲಭವಾಗಿರಲಿಲ್ಲ. 2017ರಲ್ಲಿ ಪಾಸ್‌ಪೋರ್ಟ್ ಕೋರಿದವರು ನೋಂದಣಿ ಪತ್ರವನ್ನು ಹಿಂದಿರುಗಿಸಬೇಕು, ನಿರಾಶ್ರಿತರ ನೆಲೆಯಲ್ಲಿ ವಾಸಿಸಬಾರದು ಎಂಬಂಥ ಷರತ್ತುಗಳನ್ನು ವಿಧಿಸಲಾಯಿತು. ನೆಲೆಯ ಜಮೀನು ನಿರಾಶ್ರಿತರ ಪುನರ್ವಸತಿಗಾಗಿ ನೀಡಿದ್ದು, ಅವರ ಸ್ವಂತ ಆಸ್ತಿಯಲ್ಲ. ಹೀಗಾಗಿ ಪೌರತ್ವ ಬೇಕೆನ್ನುವವರು ಹುಟ್ಟಿದ ಮನೆ, ನೆರೆಹೊರೆ, ಮಠದ ಅಂಗಳ ಬಿಡುವ ಬಗ್ಗೆ ಯೋಚಿಸಬೇಕಾಯಿತು. ಪೌರತ್ವ ಪಡೆದರೆ ಟಿಬೆಟ್‌ನ ಹೋರಾಟ ದುರ್ಬಲವಾಗುತ್ತದೆ ಎಂಬ ಅಳುಕೂ ಸಮುದಾಯದಲ್ಲಿದೆ.

ಕಿರಿದಾಗುತ್ತಿರುವ ದಾರಿಗಳು

2008ರ ಮಾರ್ಚ್‌ನಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ಗೆ ಕೆಲ ತಿಂಗಳ ಮುಂಚೆ, ಟಿಬೆಟ್‌ನಲ್ಲಿ ಮತ್ತೆ ಪ್ರತಿಭಟನೆ ಸ್ಫೋಟಿಸಿತು. ಚೀನಾ ಗಡಿಯನ್ನು ಬಿಗಿಗೊಳಿಸಿತು. ಅದುವರೆಗೆ ವರ್ಷಕ್ಕೆ ಎರಡು–ಮೂರು ಸಾವಿರ ಜನ ನೇಪಾಳದ ಮೂಲಕ ಭಾರತಕ್ಕೆ ಬರುತ್ತಿದ್ದರು. ಕ್ರಮೇಣ ಈ ಸಂಖ್ಯೆ ನೂರರೊಳಕ್ಕೆ ಕುಸಿಯಿತು. ಬರುವವರು ಕಡಿಮೆಯಾದರು, ಹೋಗುವವರು ನಿಲ್ಲಲಿಲ್ಲ. ಕೆಲಸ ಮತ್ತು ಪೌರತ್ವ ಅರಸಿ ಯುವಜನರು ಟೊರೊಂಟೊ, ನ್ಯೂಯಾರ್ಕ್, ಪ್ಯಾರಿಸ್‌ಗಳತ್ತ ಮುಖಮಾಡಿದರು. ಟಿಬೆಟನ್ ಆಡಳಿತವು 2009ರಲ್ಲಿ ನಡೆಸಿದ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟನ್ನರು ಸುಮಾರು 94 ಸಾವಿರ. ಈಚಿನ ಸರ್ಕಾರಿ ಅಂಕಿ–ಅಂಶಗಳಲ್ಲಿ ಇದು 75 ಸಾವಿರಕ್ಕಿಂತ ಕೆಳಗಿಳಿದಿದೆ.

ಈಗ ಪಶ್ಚಿಮದ ಬಾಗಿಲುಗಳೂ ಮುಚ್ಚತೊಡಗಿವೆ. ಅಮೆರಿಕದ ಅಧ್ಯಕ್ಷರಾಗಿ ಡೊನಾಲ್ಡ್ ಟ್ರಂಪ್ 2025ರ ಜನವರಿ 20ರಂದು ಅಧಿಕಾರ ವಹಿಸಿಕೊಂಡ ದಿನವೇ ನಿರಾಶ್ರಿತರ ಪ್ರವೇಶ ಕಾರ್ಯಕ್ರಮವನ್ನು ಅಮಾನತಿನಲ್ಲಿಡುವ ಆದೇಶಕ್ಕೆ ಸಹಿ ಹಾಕಿದರು. ಅದೇ ಅಕ್ಟೋಬರ್‌ನಲ್ಲಿ 2026ರ ಹಣಕಾಸು ವರ್ಷಕ್ಕೆ 7,500 ಜನರ ಮಿತಿ ಪ್ರಕಟವಾಯಿತು. ಅದರಲ್ಲೂ ದಕ್ಷಿಣ ಆಫ್ರಿಕಾದ ಬಿಳಿಯ ಆಫ್ರಿಕಾನರ್ ಸಮುದಾಯಕ್ಕೆ ಆದ್ಯತೆ ಎನ್ನಲಾಯಿತು. ವಿಶ್ವಸಂಸ್ಥೆಯ ಲೆಕ್ಕದಂತೆ 2024ರ ಅಂತ್ಯಕ್ಕೆ ಬಲವಂತವಾಗಿ ನೆಲೆ ಕಳೆದುಕೊಂಡಿದ್ದವರು 12 ಕೋಟಿಗೂ ಅಧಿಕ.

2025ರ ನವೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ನ್ಯಾಷನಲ್ ಗಾರ್ಡ್‌ನ ಇಬ್ಬರ ಮೇಲೆ ಗುಂಡು ಹಾರಿಸಿದ ಆರೋಪದಲ್ಲಿ ಅಫ್ಘಾನ್ ಪ್ರಜೆಯೊಬ್ಬನ ಬಂಧನವಾಯಿತು. ದಿನಗಳೊಳಗೆ ಅಮೆರಿಕವು ಎಲ್ಲ ದೇಶಗಳವರ ಆಶ್ರಯ ಅರ್ಜಿಗಳ ತೀರ್ಮಾನವನ್ನು ತಡೆಹಿಡಿಯಿತು. 1991ರಲ್ಲಿ ಶ್ರೀಲಂಕಾ ತಮಿಳರು ಕಂಡದ್ದೇ ಇಲ್ಲಿಯೂ ನಡೆಯಿತು. ಕೃತ್ಯ ಕೆಲವರದು, ಪರಿಣಾಮ ಎಲ್ಲರ ಮೇಲೆ.

ಮುಂದೇನು?

ದಲೈ ಲಾಮಾ ಅವರಿಗೆ 2025ರ ಜುಲೈ 6ಕ್ಕೆ 90 ವರ್ಷ ತುಂಬಿತು. ತಮ್ಮ ನಂತರವೂ ಈ ಪರಂಪರೆ ಮುಂದುವರಿಯಲಿದೆ, ಉತ್ತರಾಧಿಕಾರಿಯನ್ನು ಗುರುತಿಸುವ ಹಕ್ಕು ತಮ್ಮ ಗಾದೆನ್ ಫೊಡ್ರಾಂಗ್ ಟ್ರಸ್ಟ್‌ಗೆ ಮಾತ್ರ ಸೇರಿದ್ದು ಎಂದು ಅವರು ಅದಕ್ಕೆ ಕೆಲವು ದಿನ ಮೊದಲು ಘೋಷಿಸಿದರು. ಚೀನಾ ಇದನ್ನು ಒಪ್ಪಿಲ್ಲ. ಈ ವಿವಾದ ಭಾರತ–ಚೀನಾ ಸಂಬಂಧದಲ್ಲಿ ಯಾವ ತಿರುವು ಪಡೆದರೂ ಅದರ ಅಲೆ ಬೈಲಕುಪ್ಪೆ, ಒಡೆಯರಪಾಳ್ಯಗಳನ್ನು ಮುಟ್ಟದೆ ಇರದು.

ಲಾಸಾದ ದಂಗೆಯನ್ನಾಗಲೀ, ವಾಷಿಂಗ್ಟನ್ನಿನ ಆದೇಶವನ್ನಾಗಲೀ ತಡೆಯುವುದು ಯಾವ ಜಿಲ್ಲಾಡಳಿತದ ಕೈಯಲ್ಲೂ ಇಲ್ಲ. ಆದರೆ ಆಶ್ರಯ ಕೇಳಿ ಬಂದವರಿಗೆ ಯಾವ ಹಕ್ಕುಗಳಿವೆ, ಎಷ್ಟು ವರ್ಷಗಳ ನಂತರ ಅವರು ಪ್ರಜೆಗಳಾಗಬಹುದು ಎಂಬುದನ್ನು ದೇಶದ ಕಾನೂನೇ ಸ್ಪಷ್ಟವಾಗಿ ಹೇಳಬಹುದು. ಅಂಥ ಕಾನೂನು ಬರುವ ತನಕ ಅಕ್ಕ ಮತ ಹಾಕಲು ಹೋದಾಗ ತಮ್ಮ ಮನೆಯಲ್ಲೇ ಉಳಿಯುತ್ತಾನೆ. ಇಬ್ಬರೂ ಹುಟ್ಟಿದ್ದು ಮಾತ್ರ ಇದೇ ಕರ್ನಾಟಕದ ಮಣ್ಣಿನಲ್ಲಿ.