ಬಿಸಿಲ ನಾಡಿನಲ್ಲಿ ಬೆಚ್ಚನೆಯ ಬಣ್ಣ

ಬೇಸಿಗೆಯೆಂದರೆ ಮದುವೆಯ ಕಾಲ, ಮದುವೆಯೆಂದರೆ ಮನೆಗೆ ಸುಣ್ಣ-ಬಣ್ಣದ ಕಾಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಆಗ ತಾಪ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪಡಸಾಲೆಗೆ ಹಳದಿಯನ್ನೋ ಕೇಸರಿಯನ್ನೋ ಇಟ್ಟಿಗೆಗೆಂಪನ್ನೋ ಹಚ್ಚೋಣ ಎಂದರೆ ಮನೆಯ ಹಿರಿಯರು ಕೇಳುತ್ತಾರೆ: ಇದ್ದ ಸೆಕೆ ಸಾಲದೇನು?

ಇದಕ್ಕೆ ಪ್ರಯೋಗದ ಉತ್ತರವೇ ಇದೆ. 1977ರಲ್ಲಿ ಡೆನ್ಮಾರ್ಕಿನ ಓಲೆ ಫ್ಯಾಂಗರ್ ಮತ್ತು ಸಂಗಡಿಗರು ಜನರನ್ನು ಕಡುಗೆಂಪು ಬೆಳಕಿನಲ್ಲೂ ನೀಲಿ ಬೆಳಕಿನಲ್ಲೂ ಕೂರಿಸಿ, ಯಾವ ತಾಪ ಹಿತವೆನಿಸುತ್ತದೆಂದು ಅಳೆದರು. ಎರಡರ ನಡುವೆ ಕಂಡ ಅಂತರ 0.4 ಡಿಗ್ರಿ ಸೆಲ್ಸಿಯಸ್ ಮಾತ್ರ. ಒಳಗೋಡೆಯ ಕೆಂಪು-ಹಳದಿ ಮನಸ್ಸಿಗೆ ಬೆಚ್ಚಗೆನಿಸಬಹುದು, ಮೈಯ ಸೆಕೆಯನ್ನು ಅದು ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ.

ಹೊರಗೋಡೆಯ ಲೆಕ್ಕ ಬೇರೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಹೊಸದಾಗಿ ಬಳಿದ ಸುಣ್ಣ ಕಾಣುವ ಬೆಳಕನ್ನೂ ಕಾಣದ ಈ ಕಿರಣಗಳನ್ನೂ ಬಹುಪಾಲು ಹಿಂದಕ್ಕೆ ಕಳಿಸುತ್ತದೆ. ಕಡುಬಣ್ಣದ ಗೋಡೆ ಅವನ್ನು ಹೀರಿ, ಸಂಜೆಯ ಮೇಲೆ ಅದೇ ಕಾವನ್ನು ಒಳಗೆ ಬಿಡುತ್ತದೆ. ಹಾಗಾಗಿ ಕಡುಬಣ್ಣದ ಆಸೆಯನ್ನು ಒಳಗೆ ತೀರಿಸಿಕೊಳ್ಳಬೇಕು, ಹೊರಗೆ ತಿಳಿಬಣ್ಣವೇ ಲೇಸು.

ನಮ್ಮ ಹಳೆಯ ಮಣ್ಣಿನ ಮನೆಗಳು ಈ ಎರಡನ್ನೂ ಹೊಂದಿಸಿಕೊಂಡಿದ್ದವು: ಮೇಲೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಕೆಮ್ಮಣ್ಣಿಗೆ ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡ್. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹರಡಿರುವ ಕಪ್ಪತಗುಡ್ಡದ ಕಬ್ಬಿಣದ ಅದಿರಿಗೂ ಅದರ ಸುತ್ತಲಿನ ಕೆಂಪು ನೆಲಕ್ಕೂ ಬಣ್ಣ ಬಂದದ್ದು ಇದರಿಂದಲೇ. ಇದೇ ಆಕ್ಸೈಡ್ ನೀರಿನ ಅಂಶದೊಡನೆ ಕೂಡಿದ್ದರೆ ಮಣ್ಣು ಹಳದಿ. ಸುಟ್ಟು ಆ ನೀರು ಕಳೆದರೆ ಕೆಂಪು. ಸುಣ್ಣದ ತೀವ್ರ ಕ್ಷಾರ ಅರಿಶಿನದಂಥ ಗಿಡಮೂಲದ ಬಣ್ಣವನ್ನು ಕೆಡಿಸಿಬಿಡುತ್ತದೆ. ಕಬ್ಬಿಣದ ಬಣ್ಣ ಕ್ಷಾರಕ್ಕೂ ಜಗ್ಗುವುದಿಲ್ಲ, ಬಿಸಿಲಿಗೂ ಮಾಸುವುದಿಲ್ಲ. ಇಂದಿನ ಎಮಲ್ಶನ್ ಡಬ್ಬಿಗಳಲ್ಲೂ ಮಣ್ಣುಗೆಂಪಿಗೆ, ಮಾಸಲು ಹಳದಿಗೆ ಬಳಸುವುದು ಹೆಚ್ಚಾಗಿ ಇದನ್ನೇ.

ಈಗ ಒಳಗಿನ ಬೆಳಕಿಗೆ ಬರೋಣ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಹಿತವಾಗಿ ಕಂಡ ಬಣ್ಣ ಗೋಡೆಗೆ ಹಚ್ಚಿದ ಮೇಲೆ ಗಾಢವಾಯಿತೆಂದು ಪೇಂಟರನ್ನು ದೂರುವುದುಂಟು. ತಪ್ಪು ಅವನದಲ್ಲ. ತಿಳಿ ಕೇಸರಿ ಗೋಡೆಯೊಂದು ಕೆಂಪು ಬೆಳಕಿನಲ್ಲಿ ನೂರಕ್ಕೆ 90 ಪಾಲನ್ನು, ನೀಲಿಯಲ್ಲಿ 60 ಪಾಲನ್ನು ಮರಳಿಸುತ್ತದೆ ಎಂದುಕೊಳ್ಳಿ. ಆ ಬೆಳಕು ಎದುರಿನ ಕೇಸರಿ ಗೋಡೆಗೂ ಬಡಿದರೆ ಉಳಿಯುವುದು 81 ಮತ್ತು 36. ಮೂರನೆಯ ಗೋಡೆಯ ನಂತರ 73 ಮತ್ತು 22. ಪ್ರತಿ ಬಡಿತಕ್ಕೂ ನೀಲಿ ಸೋರಿ, ಕೆಂಪಿನ ಪಾಲು ಏರುತ್ತದೆ. ನಾಲ್ಕೂ ಗೋಡೆಗೆ ಒಂದೇ ಬಣ್ಣವಾದರೆ ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದದ್ದನ್ನು ಆರಿಸಬೇಕು. ಇಲ್ಲವೇ ಒಂದೇ ಗೋಡೆಗೆ ಗಾಢ ಬಣ್ಣ, ಉಳಿದ ಮೂರಕ್ಕೆ ಹಾಲುಬಿಳಿ. ಛಾವಣಿಯಂತೂ ಬಿಳಿಯೇ ಇರಲಿ. ಓಣಿಯಲ್ಲಿ ಅಕ್ಕಪಕ್ಕದ ಮನೆಗೆ ಗೋಡೆ ಕೂಡಿಸಿ ಕಟ್ಟಿದ ಮನೆಗಳಲ್ಲಿ ಬೆಳಕಿಂಡಿಯಿಂದ ಇಳಿಯುವ ಅಷ್ಟಿಷ್ಟು ಬೆಳಕನ್ನು ನಡುಮನೆಗೆ ಹಂಚುವುದು ಅದೇ.

ಉತ್ತರದ ಕೋಣೆಗೆ ಬೆಚ್ಚನೆಯ ಬಣ್ಣ ಎಂಬುದು ಯುರೋಪಿನ ಸಲಹೆ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಗದಗ ಇರುವುದು ಹೆಚ್ಚುಕಡಿಮೆ 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಇಲ್ಲಿ ಎಚ್ಚರ ಬೇಕಾದದ್ದು ಪಡುವಣ ಕೋಣೆಯ ವಿಷಯದಲ್ಲಿ. ಇಳಿಬಿಸಿಲು ತಾನೇ ಕೆಂಪು-ಹಳದಿ. ಕೇಸರಿ ಗೋಡೆಗೆ ಅದು ಬಿದ್ದರೆ ಕಣ್ಣು ದಣಿಯುತ್ತದೆ. ಅಲ್ಲಿಗೆ ತಿಳಿ ಹಸಿರು ಅಥವಾ ಬೂದುಬಿಳಿ ಒಳ್ಳೆಯದು. ನೇರ ಬಿಸಿಲು ಕಾಣದ ನಡುಮನೆಗೆ ಕೆನೆಹಳದಿ ಒಪ್ಪುತ್ತದೆ.

ರಾತ್ರಿಗೆ ಲೈಟಿನ ಮಾತು. ಬಲ್ಬಿನ ಪೊಟ್ಟಣದ ಮೇಲೆ 2700 ಕೆಲ್ವಿನ್ ಎಂದಿದ್ದರೆ ಹಳದಿ ಬೆಳಕು, 6500 ಎಂದಿದ್ದರೆ ನೀಲಿ ಬೆರೆತ ಬಿಳಿ. ಈ ಎರಡನೆಯದರಲ್ಲಿ ಕೆಮ್ಮಣ್ಣಿನ ಬಣ್ಣ ಮಂಕಾಗುತ್ತದೆ. ಪಡಸಾಲೆಗೆ ಬೆಚ್ಚನೆಯ ಬಣ್ಣ ಹಚ್ಚಿ ಬಿಳಿ ಟ್ಯೂಬ್‌ಲೈಟ್ ಉರಿಸಿದರೆ ಬಣ್ಣಕ್ಕೆ ಕೊಟ್ಟ ಹಣ ಅರ್ಧ ದಂಡ.

ಹಳೆಯ ಬಾಗಿಲು-ಕಿಟಕಿಗಳ ಬಗ್ಗೆ ಒಂದು ಎಚ್ಚರಿಕೆ. ಹಿಂದೆ ಎನಾಮಲ್ ಬಣ್ಣಗಳಲ್ಲಿ ಹೊಳೆಯುವ ಹಳದಿ, ಕಿತ್ತಳೆಗಳಿಗೆ ಸೀಸದ ಕ್ರೋಮೇಟ್ ಬಳಸುತ್ತಿದ್ದರು. 2017ರ ನವೆಂಬರ್ 1ರಿಂದ ಜಾರಿಯಾದ ನಿಯಮದಂತೆ ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರುವಂತಿಲ್ಲ. ಅದಕ್ಕೂ ಹಿಂದಿನ ಪದರವನ್ನು ಒಣಗಿದ್ದಂತೆಯೇ ಕೆರೆದರೆ ಸೀಸದ ಧೂಳು ಏಳುತ್ತದೆ, ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ವಿಷ. ನೀರು ಹಚ್ಚಿ ಉಜ್ಜಿಸಿ, ಆ ಹೊತ್ತು ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ.

ಇಷ್ಟಾದ ಮೇಲೂ ಕಾರ್ಡನ್ನಷ್ಟೇ ನಂಬಬೇಡಿ. ಚಿಕ್ಕ ಡಬ್ಬಿಯೊಂದನ್ನು ತಂದು, ಮೂಲೆಯಲ್ಲಿ ಕೂಡುವ ಎರಡು ಗೋಡೆಗಳಿಗೂ ಎರಡೆರಡು ಅಡಿ ಹಚ್ಚಿಸಿ. ಮುಂಜಾನೆ, ಮೂರು ಸಂಜೆ, ಲೈಟು ಹಾಕಿದ ಮೇಲೆ ಹೀಗೆ ಮೂರು ಹೊತ್ತು ನೋಡಿ. ಮೂರೂ ಹೊತ್ತು ಮನೆಮಂದಿಗೆ ಹಿಡಿಸಿದರೆ ದೊಡ್ಡ ಡಬ್ಬಿ ತನ್ನಿ.