ಕಲ್ಲಡ್ಕದ ಟೀ ಮೇಜಿನಲ್ಲಿ ಕೊಂಡಿ ಆಟ!

ಕಲ್ಲಡ್ಕ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕೆ.ಟಿ. ಅಂದ್ರೆ ಕಲ್ಲಡ್ಕ ಟೀ! ಗ್ಲಾಸಿನಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್. ಒಂದಕ್ಕೊಂದು ಬೆರೆಯದೆ ಠೀವಿಯಿಂದ ನಿಂತಿರುತ್ತವೆ, ಹಳೇ ಸಿನಿಮಾದ ಅತ್ತೆ-ಸೊಸೆಯರ ಹಾಗೆ! ಮಂಗಳೂರು-ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರು ಇದಕ್ಕಾಗಿಯೇ ಇಲ್ಲಿ ಇಳಿಯುವುದುಂಟು.

ಮೊನ್ನೆ ನಾನೂ ಇಳಿದೆ. ಇಳಿದದ್ದು ಟೀಗೆ. ಸಿಕ್ಕಿದ್ದು ಮಾತ್ರ ಒಂದು ಪಾಠ!

ಪಕ್ಕದ ಮೇಜಿನಲ್ಲಿ ನಾಲ್ವರು ಹುಡುಗರು. ಮೊಬೈಲುಗಳೆಲ್ಲ ಬೋರಲು ಮಲಗಿವೆ. ಒಬ್ಬ ಹೇಳುತ್ತಾನೆ, ಇನ್ನೊಬ್ಬ ಬೆರಳು ಮಡಿಚಿ ಹತ್ತರವರೆಗೆ ಎಣಿಸುತ್ತಾನೆ. ಏನಪ್ಪಾ ಇದು ಅಂತ ಕಿವಿಗೊಟ್ಟೆ. ಎಲ್ಲಾ ಸಿನಿಮಾ ಮಾತು! ನನಗೆ ಸುಮ್ಮನಿರಲಿಕ್ಕಾಗುತ್ತದೆಯೇ?

“ಇದು ಕೊಂಡಿ ಆಟ ಮಾರಾಯ್ರೇ” ಅಂದ ಖಾಕಿ ಅಂಗಿಯ ಆಟೋ ಹುಡುಗ. “ಅಂತ್ಯಾಕ್ಷರಿಗೆ ಅಕ್ಷರ ಸಿಕ್ಕಿದ್ರೆ ಸಾಕು. ಇದಕ್ಕೆ ಸಂಬಂಧ ಸಿಗಬೇಕು. ಹಿಂದಿನವ ಹೇಳಿದ್ದಕ್ಕೂ ನೀವು ಹೇಳೋದಕ್ಕೂ ಕೊಂಡಿ ಯಾವುದು ಅಂತ ಹೇಳಬೇಕು. ತಪ್ಪು ಹೇಳಿದ್ರೆ ಔಟ್. ಸುತ್ತಿ ಬಂದು ಮೊದಲ ಮಾತಿಗೇ ಕೊಂಡಿ ಹಾಕಿದವ ಗೆದ್ದ. ಉಳಿದವರದ್ದು ಟೀ ಬಿಲ್ಲು!”

ಸಿನಿಮಾ ಬರೆದೇ ಹೊಟ್ಟೆ ಹೊರೆಯುವವನು ನಾನು. ಇವರೇನು ಮಹಾ ಅಂತ ಕುರ್ಚಿ ಎಳೆದು ಕೂತೇಬಿಟ್ಟೆ.

ಆಟೋ ಹುಡುಗ ಶುರು ಮಾಡಿದ: “ಬೇಡರ ಕಣ್ಣಪ್ಪ, 1954.”

ಎರಡನೆಯವ: “ಅದರಲ್ಲಿ ಅಣ್ಣಾವ್ರ ಜೊತೆ ನಟಿಸಿದ ಜಿ.ವಿ. ಅಯ್ಯರ್. ಅವರೇ ನಿರ್ದೇಶಿಸಿದ್ದು ಹಂಸಗೀತೆ, 1975.”

ಮೂರನೆಯವ: “ಹಂಸಗೀತೆ ಕಾದಂಬರಿ ಬರೆದವರು ತ.ರಾ.ಸು. ಅವರದ್ದೇ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಮಾಡಿದ್ದು ನಾಗರಹಾವು, 1972.”

ನನ್ನ ಸರದಿ. ಇಷ್ಟು ಸುಲಭವೇ! ಎದೆಯುಬ್ಬಿಸಿ ಹೇಳಿದೆ: “ನಾಗರಹಾವಿನ ರಾಮಾಚಾರಿ ವಿಷ್ಣುವರ್ಧನ್. ಅದಕ್ಕೆ ಮೊದಲು ಅವರು ಯಾವ ಸಿನಿಮಾದಲ್ಲೂ ಇರಲಿಲ್ಲ!”

“ಔಟ್!” ಮೂಲೆಯಲ್ಲಿ ಕೂತಿದ್ದ ಸಣಕಲು ಹುಡುಗ ಮೇಜು ಕುಟ್ಟಿದ. “ಹಿಂದಿನ ವರ್ಷವೇ ವಂಶವೃಕ್ಷದಲ್ಲಿ ಇದ್ರಲ್ಲ ಸಾರ್! ಆಗ ಅವರು ಬರೀ ಸಂಪತ್ ಕುಮಾರ್. ವಿಷ್ಣುವರ್ಧನ್ ಅಂತ ಹೆಸರಿಟ್ಟದ್ದು ಪುಟ್ಟಣ್ಣ.”

ಮುಖ ಇಷ್ಟಾಯಿತು! ಗೊತ್ತಿದ್ದ ವಿಷಯವೇ. ಮರೆತು ಬಾಯಿ ಜಾರಿದ್ದೆ. ಇದನ್ನೇ ಅಚ್ಚಿಗೆ ಕೊಟ್ಟಿದ್ದರೆ? ನೀವೆಲ್ಲ ಕಾರ್ಡು ಬರೆದು ಉಗಿಯುತ್ತಿದ್ದಿರಿ.

ಸಣಕಲು ಹುಡುಗನೇ ಮುಂದುವರಿಸಿದ: “ವಂಶವೃಕ್ಷ, 1971. ನಿರ್ದೇಶನ ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತ. ಇಬ್ಬರಿಗೂ ಸೇರಿಸಿ ರಾಷ್ಟ್ರಪ್ರಶಸ್ತಿ.”

ಆಟೋದವ: “ಕಾರಂತರದ್ದೇ ಚೋಮನ ದುಡಿ, 1975. ಸ್ವರ್ಣಕಮಲ! ಚೋಮ ಆಗಿದ್ದ ವಾಸುದೇವ ರಾವ್‌ಗೆ ಶ್ರೇಷ್ಠ ನಟ ಪ್ರಶಸ್ತಿ.”

ಮುಂದಿನ ಇಬ್ಬರೂ ತಡವರಿಸಿ ಹತ್ತು ಎಣಿಸುವಷ್ಟರಲ್ಲಿ ಔಟ್. ಮತ್ತೆ ಸಣಕಲು ಹುಡುಗನ ಸರದಿ. ಎಂಟು... ಒಂಬತ್ತು... ಹುಡುಗ ಮೆಲ್ಲಗೆ ನಕ್ಕ.

“ಬಿ.ವಿ. ಕಾರಂತರು ಹುಟ್ಟಿದ್ದು ನಮ್ಮ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ, 1929. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಸೇರಿದ್ದು ಗುಬ್ಬಿ ಕಂಪನಿ. ಅಣ್ಣಾವ್ರೂ ಬಂದದ್ದು ಅದೇ ಗುಬ್ಬಿ ಕಂಪನಿಯಿಂದ. ಬೇಡರ ಕಣ್ಣಪ್ಪ ತೆಗೆದದ್ದು ಗುಬ್ಬಿ ವೀರಣ್ಣ. ಮುಗೀತು!”

ಮೇಜಿಗೆ ಮೇಜೇ ಹೋ ಅಂತು! ಗುಬ್ಬಿ ವೀರಣ್ಣನವರಿಂದ ಹೊರಟ ಬಂಡಿ ಅಯ್ಯರ್, ತ.ರಾ.ಸು., ಪುಟ್ಟಣ್ಣ, ವಿಷ್ಣು ಅಂತ ಊರೆಲ್ಲ ಸುತ್ತಿ, ಈ ಟೀ ಮೇಜಿನ ಪಕ್ಕದ ಊರನ್ನು ಹಾದು, ಮತ್ತೆ ವೀರಣ್ಣನವರ ಬಾಗಿಲಿಗೇ ಬಂದು ನಿಂತಿತ್ತು. ಕಲ್ಲಡ್ಕದಲ್ಲಿ ಟೀ ಬಿಟ್ಟರೆ ಸಿನಿಮಾಕ್ಕೆ ಸಂಬಂಧಪಟ್ಟದ್ದು ಏನುಂಟು ಅಂದುಕೊಂಡು ಬಸ್ಸಿಳಿದವನು ನಾನು!

“ಇಷ್ಟೆಲ್ಲಾ ಹೇಗೆ ನೆನಪಿಟ್ಟೆ ತಮ್ಮಾ?” ಕೇಳಿದೆ.

ಆಟೋದವನೇ ಉತ್ತರ ಕೊಟ್ಟ: “ಸಿನಿಮಾ ಎಲ್ಲ ನೆನಪುಂಟು ಇವನಿಗೆ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ!” ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನೂ ಪಿಯುಸಿ ಅರ್ಧಕ್ಕೆ ಕೈಬಿಟ್ಟವನೇ. ಯಾರಾದರೂ ಬೈದರೆ, ಕಾರಂತರು ಓಡಿ ಹೋಗಿ ದೊಡ್ಡವರಾಗಲಿಲ್ಲವಾ ಅಂತ ವಾದ ಮಾಡಿದವನೇ.

ಸಣಕಲು ಹುಡುಗ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಓಡಿ ಹೋದ ಕಥೆ ಎಲ್ಲರೂ ಹೇಳ್ತಾರೆ ಸಾರ್. ಆಮೇಲಿನದ್ದು ಯಾರೂ ಹೇಳೋದಿಲ್ಲ. ಅದೇ ಗುಬ್ಬಿ ವೀರಣ್ಣ ಅವರನ್ನು ಓದಲಿಕ್ಕೆ ಕಾಶಿಗೆ ಕಳಿಸಿದ್ರು. ಹಿಂದಿಯಲ್ಲಿ ಎಂ.ಎ. ಮಾಡಿದ್ರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಕಡೆಗೆ ಅದಕ್ಕೇ ನಿರ್ದೇಶಕರಾದ್ರು. ನಾನು ಮತ್ತೆ ಪರೀಕ್ಷೆ ಕಟ್ಟಿದ್ದೇನೆ.”

ನಾನು ಕಥೆಯ ಮೊದಲರ್ಧ ಮಾತ್ರ ನೋಡಿ ಇಂಟರ್ವಲ್‌ನಲ್ಲಿ ಎದ್ದು ಬಂದಿದ್ದೆ. ಈ ಹುಡುಗ ಪೂರ್ತಿ ನೋಡಿದ್ದ.

ಬಿಲ್ಲು ನಾನೇ ಕೊಟ್ಟೆ. ಸೋತವನಲ್ಲವೇ! ಬಸ್ಸು ಬಂತು, ಕಂಡಕ್ಟರ್ ಸೀಟಿ ಊದಿದ. ಹತ್ತಿದ ಮೇಲೂ ತಲೆಯಲ್ಲಿ ಕೊಂಡಿಗಳೇ.

ಚಿತ್ರರಸಿಕ ಮಿತ್ರರೇ, ನೀವೂ ಆಡಿ ನೋಡಿ. ಮೊದಲ ಮಾತು ನನ್ನದು: ಸತಿ ಸುಲೋಚನ, 1934, ಕನ್ನಡದ ಮೊದಲ ಟಾಕಿ. ಅದರ ನಿರ್ದೇಶಕ ವೈ.ವಿ. ರಾವ್. ಅವರ ಮಗಳು ನಟಿ ಲಕ್ಷ್ಮಿ. ಅವರು ಅಣ್ಣಾವ್ರ ಜೊತೆ ನಟಿಸಿದ್ದು ನಾ ನಿನ್ನ ಮರೆಯಲಾರೆ, 1976...

ಮುಂದಿನ ಕೊಂಡಿ ನಿಮ್ಮದು. ಹತ್ತು ಎಣಿಸುತ್ತಿದ್ದೇನೆ!